ಗುರುತ್ವಕ್ಕ ಕ್ವಾಂಟಮ್ ಯಾಕ ಹೊಂದವಲ್ದು?

ವಿಜಯಪುರದ ಕಾಲೇಜು ಹುಡುಗರು ಪದೇ ಪದೇ ಕೇಳುವುದು ಇದನ್ನೇ: “ಸರ, ವಿದ್ಯುತ್ಕಾಂತ ಬಲಕ್ಕ ಕ್ವಾಂಟಮ್ ಸಿದ್ಧಾಂತ ಐತಿ, ಗುರುತ್ವಕ್ಕ ಯಾಕ ಹೊಂದವಲ್ದು? ಅದಕ್ಕ ಯಾವ ಗಣಿತ ಓದಬೇಕ್ರಿ?”

ವಿದ್ಯುತ್ಕಾಂತ ಬಲ ಎಷ್ಟು ಗಟ್ಟಿ ಎಂದು ಹೇಳುವ ಸ್ಥಿರಾಂಕ ಸುಮಾರು 1/137, ಅದಕ್ಕೆ ಆಯಾಮವಿಲ್ಲ, ಅಂದರೆ ಮೀಟರ್, ಸೆಕೆಂಡಿನಂಥ ಅಳತೆ ಅಂಟಿಲ್ಲ. ಲೆಕ್ಕದಲ್ಲಿ ಅನಂತ ಬಂದರೂ ದ್ರವ್ಯರಾಶಿ, ವಿದ್ಯುದಂಶಗಳ ಬೆಲೆ ತಿದ್ದಿದರೆ ಅದು ಅಡಗುತ್ತದೆ. ನ್ಯೂಟನ್ನನ ಸ್ಥಿರಾಂಕಕ್ಕೆ ಆಯಾಮವಿದೆ. ಹಾಗಾಗಿ ಲೆಕ್ಕ ಮುಂದುವರಿದಂತೆಲ್ಲ ಹೊಸ ಬಗೆಯ ಅನಂತ, ಅದನ್ನಡಗಿಸಲು ಹೊಸ ಸ್ಥಿರಾಂಕ. ಬರಿಯ ಗುರುತ್ವ ಮೊದಲ ಲೂಪಿನಲ್ಲಿ (ಕ್ವಾಂಟಮ್ ತಿದ್ದುಪಡಿಯ ಮೊದಲ ಹಂತದಲ್ಲಿ) ಪಾರಾಗುತ್ತದೆ, ದ್ರವ್ಯ ಸೇರಿದರೆ ಅಲ್ಲೇ ಕೆಡುತ್ತದೆ ಎಂದು 1974ರಲ್ಲಿ ಟಿ ಹೂಫ್ಟ್ ಮತ್ತು ವೆಲ್ಟ್‌ಮನ್ ತೋರಿಸಿದರು. ಎರಡನೇ ಲೂಪಿನಲ್ಲಿ ಬರಿಯ ಗುರುತ್ವವೂ ಕೆಡುತ್ತದೆ. ಆ ಅನಂತದ ಗುಣಾಂಕದಲ್ಲಿ 209/2880 ಕೂತಿದೆ, ಏನು ಮಾಡಿದರೂ ಸೊನ್ನೆಯಾಗದು.

ಈ ಲೆಕ್ಕವೆಲ್ಲ ಚಪ್ಪಟೆ ದೇಶಕಾಲವನ್ನು ಮೊದಲೇ ಹಾಸಿಕೊಂಡು ಅದರ ಮೇಲಿನ ಸಣ್ಣ ಅಲೆ ಎಣಿಸುತ್ತದೆ. ಐನ್‌ಸ್ಟೈನ್ ಹೇಳಿದ್ದು ಹಾಸಿಗೆಯೇ ಅಲೆ, ಅಂದರೆ ದೇಶಕಾಲದ ಬಾಗೇ ಗುರುತ್ವ ಎಂದು. ಹಾಸದೆ ಲೆಕ್ಕ ಹಾಕುವ ದಾರಿಗಳಲ್ಲಿ ಒಂದು ಲೂಪ್ ಕ್ವಾಂಟಮ್ ಗುರುತ್ವ. ತಂತು ಸಿದ್ಧಾಂತದ ಮಾತು ಬೇರೆ, ಅದನ್ನಿಲ್ಲಿ ಎತ್ತುವುದಿಲ್ಲ.

ಗೋಲಗುಮ್ಮಟ ನೋಡಿದವರಿಗೆ ಲೂಪ್ ಗುರುತ್ವದ ಮೂಲ ಸುಲಭ. ಗುಮ್ಮಟ 19 ಮೀಟರ್ ತ್ರಿಜ್ಯದ ಸರಿಯಾದ ಅರ್ಧಗೋಳ ಎಂದುಕೊಳ್ಳಿ. ಬುಡದಲ್ಲಿ ಒಂದು ಇರುವೆ, ಅದರ ಬಾಯಲ್ಲಿ ನೆತ್ತಿಯತ್ತ ಮುಖಮಾಡಿದ ಕಡ್ಡಿ. ಕಡ್ಡಿ ತಿರುಗಿಸದೆ ಅದು ಬುಡದಗುಂಟ ಕಾಲು ಸುತ್ತು ನಡೆದು, ನೆತ್ತಿಗೆ ಹತ್ತಿ, ಹೊರಟಲ್ಲಿಗೇ ನೇರ ಇಳಿಯಲಿ. ಈಗ ಕಡ್ಡಿ ಬುಡದಗುಂಟ ಅಡ್ಡ ಇರುತ್ತದೆ, 90 ಡಿಗ್ರಿ ತಿರುಗಿ. ಸುತ್ತುವರಿದ ವಿಸ್ತೀರ್ಣ ಸುಮಾರು 567 ಚದರ ಮೀಟರ್. ತ್ರಿಜ್ಯದ ವರ್ಗ 361ರಿಂದ ಭಾಗಿಸಿದರೆ 1.57 ರೇಡಿಯನ್, ಅದೇ 90 ಡಿಗ್ರಿ. ಬಾಗನ್ನು ತೋರಿಸುವ ಈ ತಿರುವಿಗೆ ಹಾಲೊನಮಿ ಎಂದು ಹೆಸರು.

1986ರಲ್ಲಿ ಅಭಯ್ ಅಷ್ಟೇಕರ್ ಐನ್‌ಸ್ಟೈನರ ಸಮೀಕರಣಗಳನ್ನು ಇಂಥ ತಿರುವಿನ ಭಾಷೆಯಲ್ಲಿ ಬರೆದರು. ಅವರ ಚರಗಳು √−1 ಸೇರಿದ ಸಂಕೀರ್ಣ ಸಂಖ್ಯೆಗಳಾಗಿದ್ದು ತೊಡಕಾಯಿತು. ನಂತರ ಬಾರ್ಬೆರೊ ವಾಸ್ತವ ಸಂಖ್ಯೆಗೆ ತಂದ ಮೇಲೆ ತಿರುವುಗಳು ಎಸ್‌ಯು(2) ಗುಂಪಿನೊಳಗೆ, ಅಂದರೆ ಸ್ಪಿನ್ನಿನ ತಿರುವುಗಳನ್ನು ಎಣಿಸುವ ಗಣಿತದೊಳಗೆ, ಬಂದವು. ಹಾಲೊನಮಿ ಮತ್ತು ವಿಸ್ತೀರ್ಣದ ಜೋಡಿ ಇಲ್ಲಿ ಸ್ಥಾನ-ಸಂವೇಗದ ಜೋಡಿಯಂತೆ. ವಿಸ್ತೀರ್ಣ ಬಿಡಿ ಬಿಡಿಯಾಗಿ ಬರುತ್ತದೆ: 8πγ × ಪ್ಲಾಂಕ್ ಉದ್ದದ ವರ್ಗ × √(j(j+1)). ಇಲ್ಲಿ j ಎಂದರೆ 1/2, 1, 3/2, ಹೀಗೆ; γ ಎಂದರೆ ಬಾರ್ಬೆರೊ-ಇಮ್ಮಿರ್ಜಿ ಎಂಬ ಒಂದು ಸಂಖ್ಯೆ. ಪ್ಲಾಂಕ್ ಉದ್ದ 1.6 × 10⁻³⁵ ಮೀಟರ್.

γ ಎಷ್ಟೆಂದು ಸಿದ್ಧಾಂತ ಹೇಳದು. ಕಪ್ಪುಕುಳಿಯ ಎಂಟ್ರಪಿ (ಒಳಗಿನ ಸ್ಥಿತಿಗಳ ಎಣಿಕೆ), ಪ್ಲಾಂಕ್ ಉದ್ದದ ವರ್ಗದಲ್ಲಿ ಅಳೆದ ವಿಸ್ತೀರ್ಣದ ಕಾಲುಭಾಗ ಬರುವಂತೆ ಹೊಂದಿಸುತ್ತಾರೆ. ಎಣಿಸುವ ಬಗೆಯ ಮೇಲೆ 0.2375 ಅಥವಾ 0.274. ಇದು ನನಗಂತೂ ತೇಪೆಯಂತೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಚಲನೆಯದು: ಚಲನೆಯನ್ನು ನಿರ್ಧರಿಸುವ ಹ್ಯಾಮಿಲ್ಟೋನಿಯನ್ ನಿರ್ಬಂಧ ಎಂಬ ಸಮೀಕರಣವನ್ನು ಹಲವು ರೀತಿ ಬರೆಯಬಹುದು, ಯಾವುದರಿಂದ ದೊಡ್ಡ ಅಳತೆಯಲ್ಲಿ ಐನ್‌ಸ್ಟೈನರ ಸಮೀಕರಣ ಮರಳುತ್ತದೆ ಎಂಬುದು ಇತ್ಯರ್ಥವಾಗಿಲ್ಲ.

ಓದುವುದಾದರೆ ಎಂಎಸ್ಸಿಯ ಕೋನೀಯ ಸಂವೇಗದ ಪಾಠದಿಂದಲೇ ಶುರುಮಾಡಿ, ಅದೇ ಎಸ್‌ಯು(2). ಈ ಸಿದ್ಧಾಂತದಲ್ಲಿ ದೇಶದ ಸ್ಥಿತಿಯೆಂದರೆ ಒಂದು ಸ್ಪಿನ್ ಜಾಲ: ಪ್ರತಿ ಗೆರೆಗೂ ಒಂದು j, ಗೆರೆಗಳು ಸೇರುವಲ್ಲಿ ಗಂಟು. ಗಂಟಿನಲ್ಲಿ 1/2, 1/2, 1 ಕೂಡುತ್ತವೆ. ಮೂರು 1/2 ಕೂಡವು, ಮೊತ್ತ ಪೂರ್ಣಾಂಕವಾಗಬೇಕು. ಆಮೇಲೆ ಘನಗಾತ್ರದ ಲೆಕ್ಕ ಮಾಡಿ ನೋಡಿ: ಮೂರೇ ಗೆರೆ ಸೇರಿದ ಗಂಟಿಗೆ ಸೊನ್ನೆ ಬರುತ್ತದೆ, ಕನಿಷ್ಠ ನಾಲ್ಕು ಬೇಕು.