ಬರೀ ಐಕ್ಯೂ ನೋಡಿ ಕೂತಿದ್ದೆ

ಮಗಳು ಮೂರನೇ ಕ್ಲಾಸ್. ಒತ್ತಕ್ಷರ ಅಂದರೆ ಆಗದು, ‘ಅಕ್ಕ’ ಬರೆ ಅಂದರೆ ‘ಅಕ’ ಅಂತ ಬರೆಯುತ್ತಾಳೆ, ಆದರೆ ಕಥೆ ಹೇಳಲು ಕೂತರೆ ಅರ್ಧ ಗಂಟೆ ಬಾಯಿ ಮುಚ್ಚುವುದಿಲ್ಲ. ಸೋಮಾರಿ ಅಂತ ನಾನೇ ಬೈದಿದ್ದೇನೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಬುದ್ಧಿ ಚುರುಕಿದ್ದರೂ ಓದು, ಬರಹ, ಲೆಕ್ಕದಲ್ಲಿ ಮಾತ್ರ ತೊಡಕಾಗುವ ಕಲಿಕಾ ನ್ಯೂನತೆಗೆ ಎಸ್‌ಎಲ್‌ಡಿ ಅನ್ನುತ್ತಾರೆ. ಅದನ್ನು ಪತ್ತೆ ಮಾಡುವ ನಿಮ್ಹಾನ್ಸ್ ಎಸ್‌ಎಲ್‌ಡಿ ಇಂಡೆಕ್ಸ್ ಪರೀಕ್ಷೆಯ ರಿಪೋರ್ಟ್ ಬಂದಾಗ ಸುಮ್ನೆ ಐಕ್ಯೂ ನಂಬರ್ ನೋಡಿ ಕೂತಿದ್ದೆ. ನೋಡಬೇಕಾದದ್ದು ಓದು, ಬರಹ, ಲೆಕ್ಕ ಬೇರೆ ಬೇರೆಯಾಗಿ ಯಾವ ಕ್ಲಾಸಿನ ಮಟ್ಟದಲ್ಲಿವೆ ಅನ್ನುವುದನ್ನು. ಇವಳ ಲೆಕ್ಕ ಮೂರನೇ ಕ್ಲಾಸಿನದ್ದೇ, ಓದು ಮಾತ್ರ ಒಂದನೆಯದು. ಅದಕ್ಕೆ ಟ್ಯೂಷನ್ ಜಾಸ್ತಿ ಮಾಡಿದರೆ ಏನೂ ಆಗದು, ಅಕ್ಷರಕ್ಕೂ ಧ್ವನಿಗೂ ಗಂಟು ಹಾಕಿಸಿ ಕಲಿಸುವ ಸ್ಪೆಷಲ್ ಎಜುಕೇಟರ್ ಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಸ್‌ಎಲ್‌ಡಿಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು.

ನಿನ್ನೆ ಬಸ್ಸಿನ ಬೋರ್ಡ್ ಓದಿದಳು. ‘ಮೆ... ಜೆಸ್... ಟಿಕ್.’ ಅಷ್ಟರಲ್ಲಿ ಬಸ್ ಹೋಗೇಬಿಟ್ಟಿತ್ತು.