ಗೆರೆಯ ಈಚೆ ಒಂದು ದರ, ಆಚೆ ಒಂದು ದರ

ನನ್ನ ಕೆಲಸ ಏನು ಅಂತ ಹೇಳಿದರೆ ನೆಂಟರ ಮನೆಯಲ್ಲಿ ಮುಂದಿನ ಪ್ರಶ್ನೆ ರೆಡಿ ಇರುತ್ತದೆ: "ಓ, ಟಿಕೆಟ್ ರೇಟು ಜಾಸ್ತಿ ಮಾಡೋರು ನೀವೇನಾ?" ಜಾಸ್ತಿ ಮಾಡುವ ಅಧಿಕಾರ ನನಗಿಲ್ಲ. ಸಾರಿಗೆ ಯೋಜನೆಗಳಿಗೆ ಲೆಕ್ಕ ಹಾಕಿಕೊಡುವ ಸಣ್ಣದೊಂದು ಸಂಸ್ಥೆಯಲ್ಲಿದ್ದೇನೆ. ಹೊಸ ಮಾರ್ಗ ಬಂದರೆ ಯಾವ ದರಕ್ಕೆ ಎಷ್ಟು ಜನ ರೈಲು ಹತ್ತುತ್ತಾರೆ, ಯಾವ ದರಕ್ಕೆ ಬೈಕನ್ನೇ ಹಿಡಿದುಕೊಳ್ಳುತ್ತಾರೆ ಅನ್ನೋ ಪಟ್ಟಿಗಳನ್ನು ಮಾಡುತ್ತೇವೆ. ತೀರ್ಮಾನ ಮಾಡುವವರು ಬೇರೆ.

ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಮೊದಲು ಕೊಡೋದು ಒಂದೇ ಲೆಕ್ಕ. ಬೆಂಗಳೂರು ಉಪನಗರ ರೈಲಿಗೆ ದರದ ಝೋನ್ ಮಾಡಿಕೊಂಡು ಬನ್ನಿ, ಅಂದರೆ ಊರನ್ನು ವಲಯಗಳಾಗಿ ಒಡೆದು ಎಷ್ಟು ವಲಯ ಮುಟ್ಟಿದರೋ ಅದಕ್ಕೆ ತಕ್ಕ ದರ. ಅಧಿಕೃತ ಪಟ್ಟಿಗೂ ನಮಗೂ ಸಂಬಂಧ ಇಲ್ಲ, ಇದು ಸುಮ್ನೆ ಆಫೀಸಿನೊಳಗಿನ ಅಭ್ಯಾಸ. ನಮ್ಮದೇ ಊರು, ಎಲ್ಲರೂ ನೋಡಿರುವ ನಿಲ್ದಾಣಗಳು. ಎಲ್ಲಿ ಎಡವಿದೆವು ಅಂತ ಅವರಿಗೇ ಕಾಣುತ್ತದೆ.

ಯೋಜನೆ ಗೊತ್ತಿಲ್ಲದವರಿಗೆ ಎರಡು ಮಾತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಒಪ್ಪಿಗೆ ಹೊತ್ತಿನ ಅಂದಾಜು 15,767 ಕೋಟಿ ರೂಪಾಯಿ. ಒಟ್ಟು 148 ಕಿ.ಮೀ., ನಾಲ್ಕು ಮಾರ್ಗ, ನಾಲ್ಕಕ್ಕೂ ಹೂವಿನ ಹೆಸರು. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಸಂಪಿಗೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಪಾರಿಜಾತ. ಹೀಲಳಿಗೆಯಿಂದ ರಾಜಾನುಕುಂಟೆಗೆ ಕನಕ.

ಹೆಚ್ಚಿನವರು ತರುವ ಮೊದಲ ನಕ್ಷೆ ಒಂದೇ ಥರ ಇರುತ್ತದೆ. ಮೆಜೆಸ್ಟಿಕ್ ಮೇಲೆ ಕೈವಾರದ ಮೊನೆ ಊರಿ ಮೂರು ಸುತ್ತು. ಒಳಗೆ ಝೋನ್ 1, ಆಮೇಲೆ 2, ಹೊರಗೆ 3. ಲಂಡನ್ ನಕ್ಷೆ ನೋಡಿದವರಿಗೆ ಇದೇ ಸಹಜ ಅನಿಸುತ್ತದೆ. ನೋಡೋಕೂ ಚೆನ್ನಾಗಿರುತ್ತದೆ ಬಿಡಿ.

ಆಗ ಕನಕ ಮಾರ್ಗದ ಮೇಲೆ ಬೆರಳಿಡಲು ಹೇಳುತ್ತೇನೆ. ಹತ್ತಿರಹತ್ತಿರ 47 ಕಿ.ಮೀ., ನಾಲ್ಕರಲ್ಲಿ ಎಲ್ಲಕ್ಕಿಂತ ಉದ್ದದ್ದು ಅದೇ. ಆದರೆ ಅದು ಮೆಜೆಸ್ಟಿಕ್ ಕಡೆ ತಿರುಗಿಯೂ ನೋಡುವುದಿಲ್ಲ. ಕಾರ್ಮೆಲರಾಂ, ಬೆಳ್ಳಂದೂರು ರೋಡ್, ಯಲಹಂಕ ಅಂತ ಊರಿನ ಪೂರ್ವದ ಮಗ್ಗುಲಲ್ಲೇ ಸಾಗುತ್ತದೆ. ತುದಿಯಿಂದ ತುದಿಗೆ ಹೋದವರು ದಾಟುವುದು 3, 2, ಮತ್ತೆ 3. ಚಿಕ್ಕಬಾಣಾವರದಿಂದ ಮೆಜೆಸ್ಟಿಕ್‌ಗೆ ಬರುವವರ ದೂರ ಅದರ ಮೂರನೇ ಒಂದು ಭಾಗ ಇರಬಹುದು ಅಷ್ಟೇ. ಆದರೆ ಅವರು 3, 2, 1 ಮೂರನ್ನೂ ಮುಟ್ಟುತ್ತಾರೆ. ಸುತ್ತಿನ ಲೆಕ್ಕದಲ್ಲಿ ದೂರ ಹೋದವರಿಗೆ ಕಡಿಮೆ, ಹತ್ತಿರ ಹೋದವರಿಗೆ ಜಾಸ್ತಿ.

ಲಂಡನ್‌ನಲ್ಲಿ ಝೋನ್ 1 ಮುಟ್ಟದೆ ಹೋಗುವವರಿಗೆ ದರ ಕಡಿಮೆ. ಅಲ್ಲಿ ಅದಕ್ಕೊಂದು ಅರ್ಥ ಇದೆ, ನಡು ಊರಿನ ರೈಲುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸುತ್ತಿ ಹೋಗುವವರು ಹೊರಗಿನಿಂದಲೇ ಹೋದರೆ ಎಲ್ಲರಿಗೂ ಒಳ್ಳೇದು. ನಮ್ಮಲ್ಲಿ ಐಟಿ ಕೆಲಸ ಇರುವುದೇ ಹೊರವರ್ತುಲ ರಸ್ತೆಯಲ್ಲಿ, ವೈಟ್‌ಫೀಲ್ಡ್‌ನಲ್ಲಿ. ಅದೇ ನಕ್ಷೆ ಇಲ್ಲಿಗೆ ತಂದರೆ ಬೆಳ್ಳಂದೂರಿನ ಇಂಜಿನಿಯರ್‌ಗೆ ರಿಯಾಯಿತಿ. ಚಿಕ್ಕಪೇಟೆ ಅಂಗಡಿಯಲ್ಲಿ ಬಟ್ಟೆ ಮಡಚುವ ಹುಡುಗನಿಗೆ ಪೂರ್ತಿ ದರ. ಇದನ್ನು ಯಾರೂ ಬೇಕಂತ ಬರೆದಿರುವುದಿಲ್ಲ. ಕೈವಾರ ಬರೆದುಬಿಟ್ಟಿರುತ್ತದೆ.

ಲಂಡನ್‌ನವರಿಗೂ ಗೆರೆಯ ತಲೆನೋವು ತಪ್ಪಿದ್ದಲ್ಲ. ಅಲ್ಲಿನ ಸ್ಟ್ರಾಟ್‌ಫರ್ಡ್ ನಿಲ್ದಾಣ ಮೊದಲು ಝೋನ್ 3ರಲ್ಲಿತ್ತು. 2016ರ ಜನವರಿಯಲ್ಲಿ ಅದನ್ನು 2 ಮತ್ತು 3 ಎರಡಕ್ಕೂ ಸೇರಿಸಿದರು. ನಡು ಊರಿನಿಂದ ಬಂದವರಿಗೆ ಅದು 2, ಹೊರಗಿನಿಂದ ಬಂದವರಿಗೆ 3. ಗೆರೆಯನ್ನು ಹೀಗೆ ದಪ್ಪ ಮಾಡಿ ಒಂದು ನಿಲ್ದಾಣವನ್ನೇ ಅದರೊಳಗೆ ಇಟ್ಟುಬಿಡುವುದು ನನಗೆ ತುಂಬ ಇಷ್ಟವಾದ ಉಪಾಯ. ಪ್ಯಾರಿಸ್ ಇನ್ನೂ ಮುಂದೆ ಹೋಯಿತು. 2025ರ ಜನವರಿಯಿಂದ ಮೆಟ್ರೊ ಮತ್ತು ಉಪನಗರ ರೈಲಿನ ಬಿಡಿ ಟಿಕೆಟ್‌ಗೆ ಝೋನನ್ನೇ ಕೈಬಿಟ್ಟು ಇಡೀ ಪ್ರದೇಶಕ್ಕೆ 2.50 ಯೂರೊ ಅಂದಿತು. ದೂರದವರಿಗೆ ಹಬ್ಬ. ಎರಡು ನಿಲ್ದಾಣ ಹೋಗುವವರ ಟಿಕೆಟ್ ಮಾತ್ರ 2.15ರಿಂದ ಮೇಲೇರಿತು. ಗೆರೆ ಅಳಿಸಿದರೂ ಯಾರೋ ಒಬ್ಬರು ಕೊಡಲೇಬೇಕು.

ಇಷ್ಟು ಮಾತಾದ ಮೇಲೆ ಹುಡುಗರು ಎರಡನೇ ಪಟ್ಟಿ ತರುತ್ತಾರೆ. ಈ ಸಲ ಝೋನ್ ಇಲ್ಲ, ಕಿಲೋಮೀಟರ್ ಸ್ಲ್ಯಾಬ್, ಅಂದರೆ ಇಷ್ಟು ದೂರದ ತನಕ ಇಷ್ಟು ದರ ಅನ್ನೋ ಹಂತಗಳು. ನಮ್ಮ ದೇಶಕ್ಕೆ ಇದೇ ರೂಢಿ. ಬಿಎಂಟಿಸಿ ಬಸ್ಸಿನ ಸ್ಟೇಜ್ ಕೂಡ ಇದೇ. ಇದರಲ್ಲಿ ಅನ್ಯಾಯ ಇಲ್ಲ, ಹೋದಷ್ಟಕ್ಕೆ ದುಡ್ಡು ಅಂತಾರೆ. ಅಷ್ಟು ಸಲೀಸಲ್ಲ.

ಇಲ್ಲಿ ನಮ್ಮ ಮೆಟ್ರೊ ಉದಾಹರಣೆ ಕಣ್ಣೆದುರಿಗೇ ಇದೆ. 2002ರ ಮೆಟ್ರೊ ಕಾಯ್ದೆ ಪ್ರಕಾರ ಮೊದಲ ದರವನ್ನು ಮೆಟ್ರೊ ಸಂಸ್ಥೆಯೇ ಇಟ್ಟುಕೊಳ್ಳಬಹುದು. ಆಮೇಲಿನ ಪರಿಷ್ಕರಣೆಗೆ ಹೈಕೋರ್ಟ್ ನ್ಯಾಯಮೂರ್ತಿ, ಇಲ್ಲವೇ ನಿವೃತ್ತರು, ಮುಖ್ಯಸ್ಥರಾಗಿರುವ ಸಮಿತಿ ಬೇಕು. ಅದರ ಶಿಫಾರಸನ್ನು ಸಂಸ್ಥೆ ಪಾಲಿಸಲೇಬೇಕು. ಹಾಗೆ ಬಂದ ಪಟ್ಟಿ 2025ರ ಫೆಬ್ರುವರಿ 9ರಂದು ಜಾರಿಯಾಯಿತು. 2 ಕಿ.ಮೀ.ವರೆಗೆ 10 ರೂಪಾಯಿ. ಅಲ್ಲಿಂದ 10 ಕಿ.ಮೀ. ತನಕ ಪ್ರತಿ 2 ಕಿ.ಮೀ.ಗೆ ಇನ್ನೊಂದು 10. ಆಮೇಲೆ ಪ್ರತಿ 5 ಕಿ.ಮೀ.ಗೆ 10. 25 ದಾಟಿದರೆ 90, ಅದೇ ಗರಿಷ್ಠ. ಅದಕ್ಕೆ ಮೊದಲು ಗರಿಷ್ಠ 60 ಇತ್ತು.

ಪೇಪರ್‌ಗಳಲ್ಲಿ ಈ 90ರ ಸುದ್ದಿಯೇ ದೊಡ್ಡದಾಗಿತ್ತು. ನಾನು ನೋಡಿದ್ದು ಪಟ್ಟಿಯ ಮೇಲಿನ ಸಾಲುಗಳನ್ನು. 1.9 ಕಿ.ಮೀ. ಹೋದರೆ 10, 2.1 ಹೋದರೆ 20. ಇನ್ನೂರು ಮೀಟರಿಗೆ ದರ ಡಬಲ್. ನಿಲ್ದಾಣಗಳು ಕಿಲೋಮೀಟರಿಗೊಂದು ಇದ್ದರೆ ಎರಡನೇ ನಿಲ್ದಾಣದಲ್ಲಿ ಇಳಿದವರಿಗೂ ಮೂರನೆಯದರಲ್ಲಿ ಇಳಿದವರಿಗೂ ಇರುವ ವ್ಯತ್ಯಾಸ ಅದು. 24 ಕಿ.ಮೀ. ಹೋದವರಿಗೆ ಕಿಲೋಮೀಟರಿಗೆ ಮೂರೂಕಾಲು ರೂಪಾಯಿ ಚಿಲ್ಲರೆ ಬಿದ್ದರೆ, 2.1 ಕಿ.ಮೀ. ಹೋದವರಿಗೆ ಒಂಬತ್ತೂವರೆ. ಸರಾಸರಿ ಏರಿಕೆ ಶೇ 50ರ ಆಸುಪಾಸು ಅಂತ ಇದ್ದರೂ ಕೆಲವು ನಿಲ್ದಾಣಗಳ ನಡುವೆ ದರ ದುಪ್ಪಟ್ಟಾಗಿತ್ತು. ಗಲಾಟೆ ಆಯಿತು. ಮುಖ್ಯಮಂತ್ರಿಯೂ ವಿಪರೀತ ಏರಿದ ಕಡೆ ಇಳಿಸಿ ಅಂದರು. ಅದೇ ವಾರ, 14ರಂದು, ಏರಿಕೆ ಶೇ 71 ಮೀರದ ಹಾಗೆ ಪಟ್ಟಿ ಸರಿ ಮಾಡಿದರು. ಗಮನಿಸಿ, 10 ರೂಪಾಯಿ ಹಾಗೇ ಉಳಿಯಿತು, 90 ಹಾಗೇ ಉಳಿಯಿತು. ಸರಿದದ್ದು ನಡುವಿನ ಗೆರೆಗಳು.

ಹಾಗಾಗಿ ದರಪಟ್ಟಿ ತಂದವರಿಗೆ ನಾನು ಪಕ್ಕದಲ್ಲಿ ಇನ್ನೊಂದು ಶೀಟ್ ಮಾಡಿಸುತ್ತೇನೆ. ಎಕ್ಸೆಲ್‌ನಲ್ಲಿ ಅಡ್ಡಕ್ಕೂ ಉದ್ದಕ್ಕೂ ನಿಲ್ದಾಣದ ಹೆಸರು, ನಡುವೆ ದರ, ಅದು ಎಲ್ಲರೂ ಮಾಡೋದೇ. ಎರಡನೇ ಶೀಟ್‌ನ ಪ್ರತಿ ಮನೆಯಲ್ಲಿ ಒಂದು ನಿಲ್ದಾಣ ಮುಂದೆ ಹೋದರೆ ಶೇಕಡಾ ಎಷ್ಟು ಜಾಸ್ತಿ ಆಗುತ್ತೆ ಅಂತ ಬರೆಯಬೇಕು. ಮೂವತ್ತು ದಾಟಿದ ಮನೆಗೆ ಕೆಂಪು ಬಣ್ಣ. ಮೊದಲ ಶೀಟ್ ಎಷ್ಟೇ ನೀಟಾಗಿರಲಿ, ಎರಡನೆಯದರಲ್ಲಿ ಕೆಂಪು ಪಟ್ಟೆ ಎದ್ದು ಕಾಣುತ್ತದೆ. ಆಮೇಲೆ ಆ ಕೆಂಪು ಮನೆಯ ಊರಿಗೆ ಹೋಗಿ ನಿಲ್ಲಬೇಕು. ಗೆರೆಯ ಆಚೆ ಕಾಲೇಜಿದೆಯಾ, ಕಾರ್ಖಾನೆ ಇದೆಯಾ, ಆಸ್ಪತ್ರೆ ಇದೆಯಾ? ಇದ್ದರೆ ಜನ ಗೆರೆಯ ಈಚೆಗೇ ಇಳಿದು ನಡೆಯುತ್ತಾರೆ, ಇಲ್ಲವೇ ರೈಲಿನ ಸಹವಾಸವೇ ಬೇಡ ಅಂತಾರೆ. ಇದು ಬಿಎಂಟಿಸಿ ಕಂಡಕ್ಟರ್‌ಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. "ಮುಂದೆ ಸ್ಟೇಜ್ ಚೇಂಜ್ ಆಗುತ್ತೆ, ಇಲ್ಲೇ ಇಳ್ಕೊಳ್ಳಿ" ಅಂತ ಅವರೇ ಹೇಳೋದನ್ನು ಕೇಳಿಲ್ವಾ?

ಇನ್ನೊಂದು ಗೆರೆ ಇದೆ. ಅದು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದುಬಾರಿ. ಒಂದು ಸಂಸ್ಥೆಯ ರೈಲಿನಿಂದ ಇಳಿದು ಇನ್ನೊಂದು ಸಂಸ್ಥೆಯ ರೈಲು ಹತ್ತುವ ಜಾಗ. ಸ್ಲ್ಯಾಬ್ ದರದಲ್ಲಿ ಮೊದಲ ಕಿಲೋಮೀಟರ್‌ಗಳು ತುಟ್ಟಿ, ಆಮೇಲಿನವು ಅಗ್ಗ. ಬದಲಿಸಿದ ಕೂಡಲೇ ಲೆಕ್ಕ ಮತ್ತೆ ಸೊನ್ನೆಯಿಂದ ಶುರು, ಮತ್ತೆ ಆ ತುಟ್ಟಿ ಕಿಲೋಮೀಟರ್‌ಗಳೇ. ಆ ಫೆಬ್ರುವರಿ 9ರ ಪಟ್ಟಿಯಲ್ಲೇ ನೋಡಿ. 16 ಕಿ.ಮೀ. ಒಂದೇ ಮೆಟ್ರೊದಲ್ಲಿ ಹೋದರೆ 70 ರೂಪಾಯಿ. ಅದೇ 16ನ್ನು 9 ಮತ್ತು 7 ಅಂತ ಒಡೆದು, ಎರಡು ಸಂಸ್ಥೆಗಳೂ ಇದೇ ಪಟ್ಟಿ ಇಟ್ಟುಕೊಂಡಿವೆ ಅಂದುಕೊಳ್ಳಿ. 50 ಮತ್ತು 40, ಒಟ್ಟು 90. ಪ್ಲಾಟ್‌ಫಾರ್ಮ್ ಬದಲಿಸಿದ್ದಕ್ಕೆ 20 ರೂಪಾಯಿ. ತಿಂಗಳಿಗೆ 25 ದಿನ, ಹೋಗಿ ಬರೋದು ಸೇರಿ ಸಾವಿರ ರೂಪಾಯಿ. ಸೇತುವೆ ಹತ್ತಿ ಇಳಿಯುವ ಶ್ರಮ ಬೇರೆ.

ಇದನ್ನು ಹೇಳಿದಾಗೆಲ್ಲ ಮೀಟಿಂಗ್‌ನಲ್ಲಿ ಯಾರಾದರೂ ಒಬ್ಬರು "ಒಂದೇ ಕಾರ್ಡ್ ಬಂದರೆ ಸರಿಹೋಗುತ್ತೆ" ಅನ್ನುತ್ತಾರೆ. ಒಂದೇ ಕಾರ್ಡ್‌ನಿಂದ 90 ಕಟ್ ಆಗುತ್ತೆ, ಅಷ್ಟೇ. ಸಿಂಗಾಪುರದಲ್ಲಿ ಕಾರ್ಡ್ ಮೊದಲೇ ಇತ್ತು. 2010ರ ಜುಲೈನಲ್ಲಿ ಅವರು ಮಾಡಿದ್ದು ಬೇರೆ ಕೆಲಸ. ಬಸ್ಸು, ರೈಲು ನಡುವೆ ಬದಲಿಸಿದರೂ ಒಟ್ಟು ದೂರಕ್ಕೆ ಒಂದೇ ಲೆಕ್ಕ ಅಂತ ಮಾಡಿದರು. ಅದಕ್ಕೆ ಯಂತ್ರಕ್ಕಿಂತ ಜಾಸ್ತಿ ಬೇಕಾಗಿರೋದು ದುಡ್ಡು ಹಂಚಿಕೊಳ್ಳುವ ಒಪ್ಪಂದ. ಬೆಂಗಳೂರಿಗೆ ಎಲ್ಲ ಸಾರಿಗೆಯನ್ನೂ ಒಂದೇ ಕಡೆಯಿಂದ ನೋಡಲಿ ಅಂತ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲೇ ಪಾಸಾಗಿದೆ. ಅದರ ಮೊದಲ ಕೆಲಸ ಇದೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಲೆಕ್ಕದೊಳಗೆ ಸೇರಲು ಒಪ್ಪದ ಒಂದು ಸಂಖ್ಯೆ: ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಜನ ಯಾವುದನ್ನು ಹತ್ತುತ್ತಾರೆ ಅಂತ ಅಂದಾಜು ಮಾಡುವ ನಮ್ಮ ಲೆಕ್ಕದ ಮಾದರಿಗಳೆಲ್ಲ ಬಸ್ಸಿಗಿಂತ ರೈಲು ಎಷ್ಟು ಪಟ್ಟು ದುಬಾರಿ ಅಂತ ಕೇಳುತ್ತವೆ. ಸೊನ್ನೆಗೆ ಎಷ್ಟು ಪಟ್ಟು ಅಂತ ಹೇಳೋದು? ಚಿಕ್ಕಬಾಣಾವರದ ಕಡೆ ಸಮೀಕ್ಷೆಗೆ ಹೋದಾಗ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬರನ್ನು ಕೇಳಿದೆ, "ಅಕ್ಕಾ, ಹೊಸ ರೈಲಿಗೆ ಎಷ್ಟು ರೂಪಾಯಿ ತನಕ ಕೊಡಬಹುದು?"

"ಬಸ್ಸಲ್ಲಿ ಆಧಾರ್ ತೋರಿಸಿದ್ರೆ ಆಯ್ತಲ್ಲ ಮೇಡಂ. ರೈಲಿಗೆ ಯಾಕೆ ಕೊಡ್ಲಿ?"

ಫಾರಂನಲ್ಲಿ ಸೊನ್ನೆ ಬರೆಯಲು ಹೊರಟಿದ್ದೆ. ಅವರೇ ತಡೆದರು.

"ಸಾಯಂಕಾಲ ಬೇಗ ಮನೆ ಸೇರ್ಕೋಬಹುದು ಅಂದ್ರೆ ಹತ್ತು ರೂಪಾಯಿ ಕೊಡ್ತೀನಿ. ಮಗು ಪಕ್ಕದ ಮನೇಲಿ ಇರುತ್ತೆ. ಬೆಳಿಗ್ಗೆ ಬೇಡ, ಬೆಳಿಗ್ಗೆ ಬಸ್ಸೇ ಸಾಕು."

ನಮ್ಮ ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಹೋದವರು ಅದೇ ದಾರಿಯಲ್ಲಿ, ಅದೇ ಗಾಡಿಯಲ್ಲಿ ವಾಪಸ್ ಬರುತ್ತಾರೆ ಅಂತ ಮಾದರಿ ನಂಬಿಕೊಂಡಿರುತ್ತದೆ. ಅಂಚಿನಲ್ಲಿ ಪೆನ್ನಿನಲ್ಲಿ ಬರೆದುಕೊಂಡೆ. ಈಗ ಫಾರಂನಲ್ಲಿ ಬೆಳಿಗ್ಗೆಗೆ ಒಂದು ಸಾಲು, ಸಾಯಂಕಾಲಕ್ಕೆ ಇನ್ನೊಂದು ಸಾಲು ಇದೆ.

ಆ ಉತ್ತರದಿಂದ ತಿಂಗಳ ಪಾಸಿನ ಬಗ್ಗೆಯೂ ನನ್ನ ಯೋಚನೆ ಬದಲಾಯಿತು. ಉಪನಗರ ರೈಲು ಅಂದ ತಕ್ಷಣ ಎಲ್ಲರ ಕಣ್ಣು ಮುಂಬೈ ಕಡೆ ಹೋಗುತ್ತದೆ. ಅಲ್ಲಿ ತಿಂಗಳ ಪಾಸಿನ ದರ ನಿಗದಿಯಾಗೋದು 15 ಬಿಡಿ ಟಿಕೆಟ್‌ಗಳ ಲೆಕ್ಕದಲ್ಲಿ. ದಿನಾ ಹೋಗಿ ಬರುವವರಿಗೆ ವಾರ ಒಂದೂವರೆಯಲ್ಲೇ ವಸೂಲಿ. 2014ರ ಜೂನ್‌ನಲ್ಲಿ ಅದನ್ನು 30 ಟಿಕೆಟ್‌ಗಳ ಲೆಕ್ಕಕ್ಕೆ ಏರಿಸಲು ಹೊರಟರು. ಮುಂಬೈ ಸಿಡಿದೆದ್ದಿತು, ಕೆಲವೇ ದಿನದಲ್ಲಿ ವಾಪಸ್ ಪಡೆದರು. ಅಷ್ಟು ಅಗ್ಗದ ಪಾಸ್ ಒಮ್ಮೆ ಕೊಟ್ಟರೆ ಮತ್ತೆ ಮುಟ್ಟೋಕಾಗಲ್ಲ ಅಂತ ಹಣಕಾಸಿನವರು ಹೇಳುತ್ತಾರೆ. ಸರಿಯೇ. ಆದರೆ ನನ್ನ ಚಿಂತೆ ಬೇರೆ. ಸಾಯಂಕಾಲ ಮಾತ್ರ ರೈಲು ಹತ್ತುವವರಿಗೆ, ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುವವರಿಗೆ, ಮನೆಕೆಲಸಕ್ಕೆ ಬೇರೆ ಬೇರೆ ಕಡೆ ಓಡಾಡುವವರಿಗೆ ತಿಂಗಳ ಪಾಸ್ ಅಷ್ಟಾಗಿ ಕೂಡಿಬರಲ್ಲ. ಬೆಂಗಳೂರಿಗೆ ಹತ್ತು ಸವಾರಿಯ ಕಟ್ಟು ಹೆಚ್ಚು ಹೊಂದುತ್ತದೆ. ಯಾವಾಗ ಬೇಕಾದರೂ ಬಳಸಲಿ, ದಿನಾಂಕದ ಹಂಗು ಬೇಡ.

ಕೊನೆಗೆ ಉಳಿಯುವುದು ಸಂಪಿಗೆ ಮಾರ್ಗ, ಅಂದರೆ ವಿಮಾನ ನಿಲ್ದಾಣ. ಇಲ್ಲಿ ಪ್ರತಿ ಬ್ಯಾಚ್‌ನಲ್ಲೂ ಜಗಳ ಆಗುತ್ತದೆ. ವಿಮಾನ ಹತ್ತುವವರ ಹತ್ತಿರ ದುಡ್ಡಿದೆ, ಜಾಸ್ತಿ ಇಡೋಣ ಅಂತ ಒಂದು ಗುಂಪು. ಪ್ಯಾರಿಸ್ ಕೂಡ ಎಲ್ಲ ಝೋನ್ ತೆಗೆದು ವಿಮಾನ ನಿಲ್ದಾಣಕ್ಕೆ ಮಾತ್ರ ಬೇರೆ ದರ ಇಟ್ಟಿತಲ್ಲ ಅಂತ ವಾದ. ಅಗ್ಗ ಮಾಡಿದರೆ ಟ್ಯಾಕ್ಸಿ ಬಿಟ್ಟು ಬರ್ತಾರೆ ಅಂತ ಇನ್ನೊಂದು ಗುಂಪು. ಅವರಿಗೆ 2021ರ ಜನವರಿಯ ಕತೆ ಹೇಳುತ್ತೇನೆ. ಆಗ ವಿಮಾನ ನಿಲ್ದಾಣದ ಹತ್ತಿರ ಹಾಲ್ಟ್ ಸ್ಟೇಷನ್ ಆಗಿ ರೈಲು ನಿಲ್ಲೋಕೆ ಶುರುವಾಯಿತು. ಟಿಕೆಟ್ ಹತ್ತು-ಹದಿನೈದು ರೂಪಾಯಿ. ವಾಯು ವಜ್ರ ಬಸ್ಸಿಗೆ ಅದರ ಎಷ್ಟೋ ಪಟ್ಟು. ಆದರೂ ಜನ ಹತ್ತಲಿಲ್ಲ. ದಿನಕ್ಕೆ ಕೆಲವೇ ರೈಲು, ವಿಮಾನದ ಟೈಮಿಗೂ ಅದಕ್ಕೂ ತಾಳಮೇಳ ಇಲ್ಲ. ಅಗ್ಗದ ಟಿಕೆಟ್ ಇಟ್ಟುಕೊಂಡು ಎರಡು ಗಂಟೆ ಕಾಯಲು ಯಾರಿಗೆ ಪುರುಸೊತ್ತಿದೆ?

ಎರಡೂ ಗುಂಪು ಮರೆಯುವುದು ಅಲ್ಲಿ ಕೆಲಸ ಮಾಡುವವರನ್ನು. ಲಗೇಜ್ ಎತ್ತುವವರು, ಹೌಸ್‌ಕೀಪಿಂಗ್‌ನವರು, ಕಾರ್ಗೊದಲ್ಲಿ ರಾತ್ರಿ ಪಾಳಿ ಮಾಡುವವರು. ಪ್ರಯಾಣಿಕರು ವರ್ಷಕ್ಕೆ ಒಂದೆರಡು ಸಲ ಬಂದರೆ ಇವರು ದಿನಾ ಬರುತ್ತಾರೆ. ನಿಲ್ದಾಣಕ್ಕೇ ಹೆಚ್ಚುವರಿ ದರ ಇಟ್ಟರೆ ಮೊದಲ ಹೊರೆ ಇವರ ಮೇಲೆ. ಹಾಗಾಗಿ ರೈಲಿಗೆ ಕಿಲೋಮೀಟರ್ ಲೆಕ್ಕದ ದರವೇ ಇರಲಿ, ಬೇಕಿದ್ದರೆ ಟರ್ಮಿನಲ್‌ಗೆ ಹೋಗುವ ಶಟಲ್ ಬಸ್ಸಿನಲ್ಲಿ ಹೆಚ್ಚುವರಿ ತಗೊಳ್ಳಿ, ಸಿಬ್ಬಂದಿಗೆ ಐಡಿ ಕಾರ್ಡ್ ತೋರಿಸಿದರೆ ಮಾಫಿ ಅಂತ ನಾನು ಹೇಳುತ್ತೇನೆ. ಹೋದ ಬ್ಯಾಚ್‌ನ ಹುಡುಗಿಯೊಬ್ಬಳು ಇದನ್ನು ಪೂರ್ತಿ ಕೇಳಿಸಿಕೊಂಡು, "ಆದ್ರೆ ಶಟಲ್ ಬೇರೆ ಸಂಸ್ಥೆಯದ್ದಾದ್ರೆ ಆ ದುಡ್ಡು ರೈಲಿಗೆ ಯಾಕೆ ಬರುತ್ತೆ ಮೇಡಂ?" ಅಂದಳು. ಒಳ್ಳೇ ಪ್ರಶ್ನೆ. ಹಂಚಿಕೆ ಹೇಗಿರಬೇಕು ಅಂತ ಬರೆದುಕೊಂಡು ಬಾ ಅಂತ ಅವಳಿಗೇ ಕೊಟ್ಟಿದ್ದೇನೆ.