ಬೀರುವಿನ ಕೆಳಗಿನ ಸಾಲು

ಅಮೆರಿಕದ ಲೂಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸಿನಲ್ಲಿ, ರಾಯಲ್ ಸ್ಟ್ರೀಟಿನ ಆ ಹಳೇ ಸಾಮಾನಿನ ವ್ಯಾಪಾರಿ ನನಗೆ ಮೊದಲ ಮಾತಿಗೇ ಹಿಡಿಸಲಿಲ್ಲ. ನಾವು ಕೊಳ್ಳುವವರಲ್ಲ ಅಂತ ಚಪ್ಪಲಿ ನೋಡಿಯೇ ತೀರ್ಮಾನಿಸಿದ್ದ. ಆದರೆ ಸರಕು ಬಲ್ಲವನು, ಒಪ್ಪಬೇಕು. ಆಳೆತ್ತರದ ಬೀರುವಿನ ಬಾಗಿಲು ತೆಗೆದು, ಹೊರಗೆ ಮಹಾಗನಿ, ಒಳಗೂ ಹಿಂಬದಿಗೂ ಸೈಪ್ರೆಸ್, ಇದು ಲೂಸಿಯಾನದ್ದೇ ಅನ್ನುವುದಕ್ಕೆ ಅದೇ ಗುರುತು ಅಂದ. ಜೌಗಿನಲ್ಲಿ ಬೆಳೆದ ಮರ. ಅಲ್ಲಿನ ತೇವಕ್ಕೆ ಸುಲಭವಾಗಿ ಕೊಳೆಯುವುದಿಲ್ಲ. 1788 ಮತ್ತು 1794ರ ಬೆಂಕಿಗಳಲ್ಲಿ ನ್ಯೂ ಆರ್ಲಿಯನ್ಸಿನ ಮನೆಗಳ ಜೊತೆ ಸಾಮಾನೂ ಸುಟ್ಟುಹೋಗಿ, ಉಳಿದದ್ದಕ್ಕೆ ಈಗ ವಿಪರೀತ ಬೆಲೆ. ಆಮೇಲೆ ಶುರುವಾಯಿತು ವಂಶಾವಳಿ: ಯಾವ ಮನೆತನ, ಯಾರ ಮದುವೆಗೆ ಕೊಟ್ಟದ್ದು, ಯಾವ ಮೊಮ್ಮಗಳ ಪಾಲಿಗೆ ಬಂದದ್ದು.

ಪಕ್ಕದಲ್ಲಿ ವಯಸ್ಸಾದ ಕಪ್ಪು ಹೆಂಗಸೊಬ್ಬರು ಎಲ್ಲ ಕೇಳಿಸಿಕೊಂಡು, "ಮಾಡಿದ್ದು ಯಾರು?" ಅಂದರು.

"ಯಾರೋ ಗುಲಾಮ ಬಡಗಿ ಇರಬೇಕು ಮೇಡಂ. ಅವರ ಹೆಸರನ್ನೆಲ್ಲ ಬರೆದಿಡುತ್ತಿರಲಿಲ್ಲ."

"ಬರೆದಿದ್ದಾರೆ. ಬೀರುವಿನ ಕೆಳಗಿನ ಸಾಲಿನಲ್ಲಿ. ಬೆಲೆ ಸಮೇತ."

ಅಂದಿನಿಂದ ಪಾತ್ರೆ ತೊಳೆಯುವಾಗಲೂ ಅದೇ ಮಾತು ಕಿವಿಯಲ್ಲಿ. ಬೆಲೆ ಸಮೇತ. ಯಜಮಾನ ಸತ್ತರೆ ನೋಟರಿ ಬಂದು ಆಸ್ತಿಪಟ್ಟಿ ಮಾಡುತ್ತಿದ್ದ: ಮಂಚ, ಬೀರು, ಕುದುರೆ, ಮನುಷ್ಯರು. ಮನುಷ್ಯರ ಹೆಸರು, ವಯಸ್ಸು, ಎಷ್ಟೋ ಸಲ ಕಸುಬು ಕೂಡ. ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ಇತಿಹಾಸಕಾರ್ತಿ ಕೋರ್ಟು ಕಚೇರಿಗಳ ಇಂಥ ಕಾಗದ ಬಗೆದು ಸುಮಾರು 1 ಲಕ್ಷ ಗುಲಾಮರ ವಿವರ ಕಲೆಹಾಕಿದರು. ಪಟ್ಟಿಯಲ್ಲಿರುವ ಬಡಗಿಯೇ ಆ ಬೀರು ಮಾಡಿದ ಅಂತ ಯಾರೂ ಆಣೆ ಇಡಲಾರರು, ಸರಿ. ಆದರೆ ಹಲಗೆ ಬೆಸೆಯಲು ಚಿಟ್ಟೆಯಾಕಾರದ ತುಂಡು ಕೂರಿಸುತ್ತಿದ್ದ ಅನಾಮಧೇಯ ಬಡಗಿಯೊಬ್ಬನ ಕೈಗುರುತು ಹಿಡಿದು, ಅವನನ್ನು 'ಬಟರ್‌ಫ್ಲೈ ಮ್ಯಾನ್' ಅಂತ ಕರೆಯುವ ಜನ ಈ ಹಳೇ ಸಾಮಾನಿನವರು. ಮರದ ಕೀಲಿಗೆ ಅಷ್ಟು ಕಣ್ಣು ಕೊಡುವವರಿಗೆ ಕಾಗದದ ಒಂದು ಸಾಲು ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಅದು ಬಿದ್ದರೆ ಮದುವೆಯ ಬಳುವಳಿಯ ಕಥೆ ಅಷ್ಟು ಚಂದ ಇರುವುದಿಲ್ಲ, ಗಿರಾಕಿಯ ಕೈ ಜೇಬಿಗೆ ಅಷ್ಟು ಸಲೀಸಾಗಿ ಹೋಗುವುದಿಲ್ಲ. ಗುಲಾಮನಲ್ಲದ ಮಿಶ್ರವರ್ಣದ ಬಡಗಿ ದುತ್ರೆಯ್ ಬಾರ್ಜಾನ್ ಅದೇ ಊರಿನಲ್ಲಿ ಅಂಗಡಿ ಇಟ್ಟಿದ್ದ. ಅವನ ಹೆಸರನ್ನು ಮಾತ್ರ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ.

ಹೊರಗೆ ಬಂದ ಮೇಲೆ ನಮ್ಮ ಮನೆಯವರು, "ಆಕೆಗೆ ಯಾಕೆ ಅಷ್ಟು ಕೋಪ?" ಅಂದರು. ಕೋಪ ಎಲ್ಲಿತ್ತು? ದನಿ ಏರಲೇ ಇಲ್ಲ. ಲೆಕ್ಕ ತಪ್ಪಿದ ಅಂಗಡಿಯವನನ್ನು ತಿದ್ದುವ ಹಾಗೆ ಹೇಳಿ, ಬೀರುವಿನ ಬಾಗಿಲನ್ನು ತಾವೇ ಮುಚ್ಚಿ, ಮುಂದಿನ ಕುರ್ಚಿಯ ಬೆಲೆ ವಿಚಾರಿಸುತ್ತಿದ್ದರು.